ಬೇವು ಅರೆದ ಕೇರಿ

ಹನ್ನೆರಡು ವರ್ಷದಿಂದ ಮಠದಲ್ಲಿದ್ದ ಶಿಷ್ಯನೊಬ್ಬ, ಸಣ್ಣ ಸಂಶಯ ಬಂದರೂ ಗುರುಗಳ ಬಳಿಗೆ ಓಡುವವನು, ಭಿಕ್ಷೆ ಮುಗಿಸಿ ಬಂದು ಜೋಳಿಗೆ ಇಳಿಸುವ ಮೊದಲೇ ಕೇಳಿದ: “ಗುರುಗಳೇ, ಮಗುವಿಗೆ ಎಷ್ಟು ವರ್ಷದವರೆಗೆ ಮೊಲೆಹಾಲು ಕೊಡಬಹುದು? ಇವತ್ತು ನನಗೆ ಭಿಕ್ಷೆ ತಂದು ಹಾಕಿದ ಮಗುವೇ ಹೋಗಿ ತಾಯಿಯ ತೊಡೆಯೇರಿ ಹಾಲು ಕುಡಿಯಿತು.”

ಗುರುಗಳು ಒಂದು ಕತೆ ಹೇಳಿದರು.

ಕುಂಬಾರರ ಕೇರಿಯಲ್ಲಿ ಒಬ್ಬಳಿಗೆ ನಾಲ್ಕು ವರ್ಷ ತುಂಬಿದ ಮಗಳಿದ್ದಳು. ಮಗಳು ಅಪ್ಪನ ಜೊತೆ ಮಣ್ಣು ತುಳಿಯುತ್ತಿದ್ದಳು, ದಣಿದಾಗ ಬಂದು ಹಾಲು ಕುಡಿಯುತ್ತಿದ್ದಳು. ತಾಯಿಗೆ ಅದು ಭಾರವಾಗಿರಲಿಲ್ಲ, ಭಾರವಾದದ್ದು ಕೇರಿಗೆ. ಹಸಿ ಮಡಕೆ ಎಷ್ಟು ದಿನ ನೆರಳಿನಲ್ಲಿರಬೇಕೆಂದು ಅಲ್ಲಿ ಯಾರೂ ಎಣಿಸುತ್ತಿರಲಿಲ್ಲ, ಮುಟ್ಟಿ ನೋಡುತ್ತಿದ್ದರು. ಈ ಮಗುವಿನ ವಿಷಯಕ್ಕೆ ಮಾತ್ರ ಎಲ್ಲರೂ ಬೆರಳು ಮಡಚಿ ವರ್ಷ ಎಣಿಸತೊಡಗಿದರು.

ಕೊನೆಗೆ ಕೇರಿಯ ಯಜಮಾನ ತೀರ್ಪು ಕೊಟ್ಟ. ಹಾಲು ಬಿಡಿಸದಿದ್ದರೆ ಅವಳು ತನ್ನ ತಂಗಿಯ ಮದುವೆಯಲ್ಲಿ ಕಳಶ ಹಿಡಿಯುವಂತಿಲ್ಲ. ತಾಯಿಯಿಲ್ಲದ ಆ ತಂಗಿಯನ್ನು ಎತ್ತಿ ಬೆಳೆಸಿದವಳು ಇವಳೇ. ಅವಳಿಗೆ ಅಳು ಬಂತು. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ ಎಂದು ಒಪ್ಪಿದಳು.

ಪದ್ಧತಿಯಂತೆ ಯಜಮಾನನ ಹೆಂಡತಿ ಬೇವಿನ ಸೊಪ್ಪು ಅರೆದು ತಂದು ಅವಳ ಎದೆಗೆ ಹಚ್ಚಿದಳು. ಮಜಾ ನೋಡಲು ಹತ್ತು ಹೆಂಗಸರು ಬಂದು ಕೂತರು. ಮಗು ಬಂದು ಬಾಯಿ ಇಟ್ಟು ಮುಖ ಕಿವುಚಿತು.

“ಅವ್ವಾ, ಯಾರೋ ನಿಂಗೆ ಕಹಿ ಬಳಿದುಬುಟ್ಟವ್ರೆ. ಇರು, ಒರೆಸ್ತೀನಿ.”

ಲಂಗದ ಅಂಚಿನಿಂದ ಒರೆಸಿ, ನೆಮ್ಮದಿಯಾಗಿ ಕುಡಿದು, ಕಹಿ ಯಾಕೆ ಹಚ್ಚುತ್ತಾರೆಂದು ಕೇಳಿತು. ದೊಡ್ಡವರಾದ ಮೇಲೂ ಬಿಡದ ಚಟ ಬಿಡಿಸಲು ಎಂದಳು ಯಜಮಾನನ ಹೆಂಡತಿ.

ಮಗುವಿಗೆ ಆ ಉಪಾಯ ಬಹಳ ಹಿಡಿಸಿತು. ನಲವತ್ತು ವರ್ಷವಾದರೂ ಹೊಗೆಸೊಪ್ಪು ಬಿಡಲಿಲ್ಲವೆಂದು ಆಕೆ ಗಂಡನನ್ನು ಬೈಯುವುದನ್ನು ಅದು ದಿನವೂ ಕೇಳಿತ್ತು. ಉಳಿದ ಬೇವನ್ನು ಒಯ್ದು, ಜಗಲಿಯ ಮೇಲಿದ್ದ ಯಜಮಾನನ ಹೊಗೆಸೊಪ್ಪಿಗೆಲ್ಲ ಮೆತ್ತಿತು. ಯಜಮಾನ ಬಂದು ಕೂತ, ಒಂದು ಚೂರು ಬಾಯಿಗಿಟ್ಟ, ಥೂ ಎಂದು ಉಗುಳಿದ. ಕೇರಿಯೆಲ್ಲ ನೋಡುತ್ತಿತ್ತು. ಅವನು ಇನ್ನೊಂದು ಚೂರನ್ನು ಪಂಚೆಯ ಅಂಚಿನಿಂದ ಒರೆಸಿ ದವಡೆಗೆ ಸೇರಿಸಿಕೊಂಡ.

“ತಾತನೂ ಒರೆಸ್ಕಂಡ,” ಎಂದಿತು ಮಗು.

ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವಳು ಯಜಮಾನನ ಹೆಂಡತಿ. ಬಾಯಿ ತುಂಬಿದ್ದರಿಂದ ಯಜಮಾನ ಏನೂ ಹೇಳಲಿಲ್ಲ. ತಂಗಿಯ ಮದುವೆಯಲ್ಲಿ ಆ ತಾಯಿ ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಳಶ ಹಿಡಿದಾಗಲೂ ಹೇಳಲಿಲ್ಲ.

ಕತೆ ಮುಗಿಯಿತು. ಆ ಮಗು ಹಾಲು ಬಿಟ್ಟದ್ದು ಯಾವಾಗ ಎಂದು ಶಿಷ್ಯ ಕೇಳಿದ. ಒಂದು ದಿನ ಆಟದ ಗುಂಗಿನಲ್ಲಿ ಮರೆಯಿತು, ಮತ್ತೆ ಕೇಳಲಿಲ್ಲ, ಯಾವ ದಿನವೆಂದು ತಾಯಿಗೂ ನೆನಪಿಲ್ಲ ಎಂದರು ಗುರುಗಳು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. ಎಷ್ಟಾದರೂ ಇದಕ್ಕೊಂದು ವಯಸ್ಸು ಅಂತ ಬೇಡವೇ ಎಂದ.

“ಹನ್ನೆರಡು ವರ್ಷದಿಂದ ದಿನಾ ನನ್ನ ಹತ್ತಿರ ಓಡಿ ಬರುತ್ತೀಯಲ್ಲಪ್ಪ, ನಾನು ಯಾವತ್ತಾದರೂ ಬೇವು ಹಚ್ಚಿಕೊಂಡು ಕೂತಿದ್ದೆನೇ?”

ಶಿಷ್ಯ ಜೋಳಿಗೆ ಇಳಿಸಿದ.