ಅಮ್ಮನ ಚುಕ್ಕಿ, ಮಗಳ ಗೆರೆ

"ಸರ್, ಮನೆಯಲ್ಲಿ ಬರುವ ಲೆಕ್ಕ ಪರೀಕ್ಷೆಯಲ್ಲಿ ಯಾಕೆ ಕೈಕೊಡುತ್ತದೆ?" ಎಂದು ದಾಕ್ಷಾಯಣಿ ಕೇಳಿದಳು.

ದ್ವಿತೀಯ ಪಿಯುಸಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವಳು ಗಣಿತದಲ್ಲಿ ಫೇಲಾಗಿದ್ದಳು. ಓದದೆ ಹೋಗಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಗೈಡನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಒಂದು ಲೆಕ್ಕವನ್ನೂ ಬಿಡದೆ ಮಾಡಿದ್ದಳು. ವಾರ್ಷಿಕ ಪರೀಕ್ಷೆ ಹತ್ತಿರ ಬಂದಿತ್ತು. ಈ ಸಲವೂ ಹಾಗೇ ಆದರೆ ಎಂಬ ಹೆದರಿಕೆಯಲ್ಲಿ ಅವಳಿಗೆ ಊಟವೂ ಸೇರುತ್ತಿರಲಿಲ್ಲ.

ಚನ್ನವೀರ ಮೇಷ್ಟ್ರು ಬೈಯಲಿಲ್ಲ. ತಮ್ಮ ಮನೆಯ ಜಗಲಿಯ ಮೇಲೆ ಅವಳನ್ನು ಕೂರಿಸಿಕೊಂಡು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ತಾಯಿ ದಿನಾ ಬೆಳಗ್ಗೆ ಅಂಗಳ ಸಾರಿಸಿ ರಂಗೋಲಿಯ ಚುಕ್ಕಿ ಇಡುತ್ತಿದ್ದಳು. ಮಗಳು ಗೆರೆ ಎಳೆದು ಅವನ್ನು ಕೂಡಿಸುತ್ತಿದ್ದಳು. ಗೆರೆ ತಪ್ಪಿತೋ, ಮಗಳು ಗಮನಿಸುವ ಮೊದಲೇ ತಾಯಿಯ ಬೆರಳು ಅದನ್ನು ಒರೆಸಿಬಿಡುತ್ತಿತ್ತು. ಅಷ್ಟು ಮುದ್ದು. ನೋಡಿದವರೆಲ್ಲ ಮಗಳ ಕೈಯನ್ನು ಹೊಗಳುತ್ತಿದ್ದರು. ಮಗಳೂ ನಂಬಿದ್ದಳು.

ತವರಿನಲ್ಲಿ ಅಜ್ಜಿಗೆ ಕಾಯಿಲೆಯೆಂದು ತಾಯಿ ಹೊರಟುಹೋದಳು. ಮಾರನೆಯ ಬೆಳಗ್ಗೆ ಮಗಳು ರಂಗೋಲಿ ಬಟ್ಟಲು ಹಿಡಿದು ನಿಂತಳು. ಮೊದಲ ಚುಕ್ಕಿ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಬಿಸಿಲೇರಿದರೂ ಅಂಗಳ ಬರಿದಾಗಿಯೇ ಇತ್ತು. ರಂಗೋಲಿಯಿಲ್ಲದ ಬಾಗಿಲೆಂದರೆ ಸಾವಿನ ಮನೆ. ಎದುರುಮನೆಯ ಮುದುಕಿ ಎದೆ ಬಡಿದುಕೊಂಡು ಓಡಿಬಂದಳು.

"ಯಾಕೇ ಮಗಾ, ನಿಮ್ಮಜ್ಜಿ ಹೋಗಿಬಿಟ್ರಾ?"

"ಅಜ್ಜಿಗೇನೂ ಆಗಿಲ್ಲ. ನಂಗೆ ಚುಕ್ಕಿ ಇಡೋಕೆ ಬರಲ್ಲ" ಎಂದು ಮಗಳು ಬಿಕ್ಕಿ ಬಿಕ್ಕಿ ಅತ್ತಳು.

"ಹಾಗಾದ್ರೆ ಒಂದಾದ್ರೂ ಇಡೇ, ಬೀದಿಯವರೆಲ್ಲ ಅಳುತ್ತಾ ಬರೋಕೆ ಮುಂಚೆ!"

ಮಗಳು ಇಟ್ಟಳು. ಸೊಟ್ಟಗಾಯಿತು. ತಾನೇ ಒರೆಸಿ ಮತ್ತೆ ಇಟ್ಟಳು. ದಿನಾ ಹಾಗೇ ಮಾಡಿದಳು. ಅಜ್ಜಿ ಚೇತರಿಸಿಕೊಂಡ ಮೇಲೆ ತಾಯಿ ಮರಳಿದಳು. ಬಾಗಿಲಲ್ಲಿ ಒಂದು ಪುಟ್ಟ ಡೊಂಕು ರಂಗೋಲಿ ಕಂಡಿತು. ಅದನ್ನು ತುಳಿಯಲು ಮನಸ್ಸು ಬಾರದೆ, ಗಂಟು ಹೊತ್ತುಕೊಂಡೇ ಹಿತ್ತಲ ಬಾಗಿಲಿನಿಂದ ಒಳಗೆ ಬಂದು ಮಗಳನ್ನು ತಬ್ಬಿಕೊಂಡಳು. ಮರುದಿನ ಅಂಗಳ ಗುಡಿಸಿ, ಸಾರಿಸಿ, ಬಟ್ಟಲನ್ನು ಮಗಳ ಕೈಗಿಟ್ಟು ಒಳಗೆ ಹೋದಳು. ಬೆರಳು ತುರಿಸುತ್ತಿದ್ದರೂ ಕಿಟಕಿಯ ಹತ್ತಿರ ಸುಳಿಯಲಿಲ್ಲ.

"ಮಗಳು ಮತ್ತೆ ತಪ್ಪಿದರೆ, ಸರ್?"

"ತಪ್ಪಿದಳು. ಪೂರ್ತಿ ಮುಗಿದ ಮೇಲೆ ತಾಯಿ ಬಂದು ನೋಡಿದಳು."

ಮೇಷ್ಟ್ರು ಬಿಳಿ ಹಾಳೆಯೊಂದರ ತಲೆಯಲ್ಲಿ ಇಂಟಿಗ್ರೇಷನ್ ಲೆಕ್ಕವೊಂದನ್ನು ಬರೆದು ಅವಳ ಮುಂದಿಟ್ಟರು. ಅಭ್ಯಾಸದಂತೆ ದಾಕ್ಷಾಯಣಿಯ ಕೈ ತಾನು ತಂದಿದ್ದ ಗೈಡಿನ ಕಡೆ ಹೋಯಿತು. ಅದು ಆಗಲೇ ಮೇಷ್ಟ್ರ ಕಂಕುಳು ಸೇರಿತ್ತು. ಅವಳು ಅವರ ಮುಖ ನೋಡಿದಳು. ಮೇಷ್ಟ್ರು ಎದ್ದು ನಿಂತು ಅವಳ ತಲೆ ನೇವರಿಸಿದರು.

"ಅಂಗಳ ಗುಡಿಸಿಟ್ಟಿದ್ದೇನೆ ತಾಯಿ, ನಾನು ಒಳಗಿರುತ್ತೇನೆ."