ತೊಂಬತ್ತೆರಡು ಸೇರು

“ಗುರುಗಳೇ, ಒಬ್ಬರ ಮೇಲೆ ಇಲ್ಲದ ಕಳ್ಳತನ ಹೊರಿಸಿಬಿಟ್ಟೆವು. ಆಮೇಲೆ ನಿಜ ಗೊತ್ತಾಯಿತು, ಕ್ಷಮೆ ಕೇಳಿದೆವು. ಅಲ್ಲಿಗೆ ಅದು ಮುಗಿಯಿತಲ್ಲವೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಗಾಣಿಗನಿದ್ದ. ಗಾಣ ನಡೆಸುವುದು ಅವನ ಕೆಲಸ. ಎಣ್ಣೆಯನ್ನು ಅಳೆದು ಕೊಡಗಳಿಗೆ ತುಂಬುವುದು ಅವನ ಹೆಂಡತಿ ನೀಲವ್ವನ ಕೆಲಸ. ಇಪ್ಪತ್ತು ವರ್ಷದಿಂದ ಅರಮನೆಯ ಅಡುಗೆಗೆ ತಿಂಗಳಿಗೆ ನೂರು ಸೇರು ಎಳ್ಳೆಣ್ಣೆ ಅವರ ಮನೆಯಿಂದಲೇ ಹೋಗುತ್ತಿತ್ತು. ಉಗ್ರಾಣದವರು ಸೇರಿನ ಪಾತ್ರೆಯಲ್ಲಿ ಅಳೆದು ಒಳಗೆ ತೆಗೆದುಕೊಳ್ಳುತ್ತಿದ್ದರು.

ಒಂದು ವರ್ಷ ಉಗ್ರಾಣಕ್ಕೆ ಹೊಸ ಅಧಿಕಾರಿ ಬಂದ. ಅಳತೆಯಲ್ಲಿ ಕೈಚಳಕ ನಡೆಯುತ್ತದೆ, ಇನ್ನು ಮೇಲೆ ಎಲ್ಲವನ್ನೂ ತೂಗಿಯೇ ತೆಗೆದುಕೊಳ್ಳಬೇಕು ಎಂದು ಅಪ್ಪಣೆ ಮಾಡಿದ. ಗಾಣಿಗ ಎಂದಿನಂತೆ ನೂರು ಸೇರು ತಂದ. ಕೊಡಗಳ ತೂಕ ಕಳೆದು ಎಣ್ಣೆಯನ್ನು ತೂಗಿದರು. ತೊಂಬತ್ತೆರಡೇ ಸೇರು ಬಂತು. ಮತ್ತೆ ತೂಗಿದರು. ಮತ್ತೆ ತೊಂಬತ್ತೆರಡು.

“ಎಂಟು ಸೇರು ಎಲ್ಲಿ?” ಎಂದು ಅಧಿಕಾರಿ ಕೇಳಿದ.

ಅರಮನೆಯ ಎಣ್ಣೆ ಕದ್ದವರಿಗೆ ಹೆಬ್ಬೆರಳು ಕತ್ತರಿಸುವ ಶಿಕ್ಷೆಯಿತ್ತು. ಕಾವಲುಗಾರ ಮರದ ದಿಮ್ಮಿ ತಂದಿಟ್ಟ, ಕತ್ತಿ ಹಿರಿದ. ಗಾಣಿಗ ಒಂದು ಹೆಜ್ಜೆ ಹಿಂದೆ ಸರಿದ. ಎರಡೂ ಕೈಗಳನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಹೇಳಿದ: “ಅಳೆದು ತುಂಬಿದವನು ನಾನಲ್ಲ ಒಡೆಯಾ, ನನ್ನ ಹೆಂಡತಿ. ಕದ್ದಿದ್ದರೆ ಅವಳೇ ಕದ್ದಿರಬೇಕು.”

ನೀಲವ್ವನನ್ನು ಹಿಡಿದು ತಂದರು. ಗಂಡ ಆಡಿದ ಮಾತನ್ನು ಅಧಿಕಾರಿ ಅವಳಿಗೆ ಹೇಳಿದ. ಅವಳು ಗಂಡನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ. ಕಾವಲುಗಾರ ಅವಳ ಬಲಗೈ ಹಿಡಿದು ದಿಮ್ಮಿಯ ಮೇಲೆ ಒತ್ತಿದ.

ಅವಳು ಅಳಲಿಲ್ಲ. ಅಧಿಕಾರಿಯ ಕಡೆ ತಿರುಗಿ ಹೇಳಿದಳು: “ಒಡೆಯಾ, ನಾನು ದಿನಾ ನೀರನ್ನೂ ಹೊರುತ್ತೇನೆ, ಎಣ್ಣೆಯನ್ನೂ ಹೊರುತ್ತೇನೆ. ಕೊಡಗಳು ಒಂದೇ ಅಳತೆಯವು. ಆದರೆ ನೀರಿನ ಕೊಡ ಭಾರ, ಎಣ್ಣೆಯ ಕೊಡ ಹಗುರ. ನನ್ನ ಕುತ್ತಿಗೆಗೆ ಗೊತ್ತು. ಬೆರಳು ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ನಿಮ್ಮ ಸೇರಿನಲ್ಲೇ ನೀರು ತುಂಬಿ ತೂಗಿ, ಆಮೇಲೆ ಎಣ್ಣೆ ತುಂಬಿ ತೂಗಿ.”

ಕಾವಲುಗಾರ ಕತ್ತಿ ಎತ್ತಿಕೊಂಡೇ ನಿಂತಿದ್ದ. ಅಧಿಕಾರಿ ಉಗ್ರಾಣದ ಸೇರಿನ ಪಾತ್ರೆಯನ್ನು ತರಿಸಿದ. ಆ ಖಾಲಿ ಪಾತ್ರೆಯ ತೂಕಕ್ಕೆ ಸಮನಾದ ಕಲ್ಲುಗಳನ್ನು ಇನ್ನೊಂದು ತಟ್ಟೆಯಲ್ಲಿಟ್ಟು, ಸೇರಿನ ತುಂಬ ನೀರು ತುಂಬಿ ತೂಗಿದರು. ಒಂದು ಸೇರಿನ ತೂಕದ ಕಲ್ಲಿಗೆ ಸರಿಯಾಗಿ ನಿಂತಿತು. ನೀರು ಚೆಲ್ಲಿ, ಒರೆಸಿ, ಅಂಚಿನವರೆಗೆ ಎಣ್ಣೆ ತುಂಬಿ ತೂಗಿದರು. ಎಣ್ಣೆಯ ತಟ್ಟೆ ಮೇಲಕ್ಕೆದ್ದಿತು; ಕೊರತೆ ಲೆಕ್ಕ ಹಾಕಿದರೆ ನೂರಕ್ಕೆ ಎಂಟೇ ಆಗಿತ್ತು.

ಪಾತ್ರೆಯಲ್ಲಿ ಅಳೆದ ನೂರು ಸೇರು ಎಣ್ಣೆ ತಕ್ಕಡಿಯಲ್ಲಿ ತೊಂಬತ್ತೆರಡು ಸೇರೇ ತೂಗುತ್ತದೆ ಎಂದು ಅಧಿಕಾರಿ ಅಂದೇ ಉಗ್ರಾಣದ ಗೋಡೆಯ ಮೇಲೆ ಬರೆಸಿದ. ಕಾವಲುಗಾರ ಅವಳ ಕೈ ಬಿಟ್ಟ. ಗಂಡ ಹೆಂಡತಿ ಇಬ್ಬರೂ ಮನೆಯ ದಾರಿ ಹಿಡಿದರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

“ಗಾಣಿಗ ಅವಳ ಕ್ಷಮೆ ಕೇಳಿದನೇ?” ಎಂದು ಶಿಷ್ಯ ಕೇಳಿದ.

“ಮನೆ ಮುಟ್ಟುವ ಮೊದಲೇ ಕೇಳಿದ, ಅವಳು ಕ್ಷಮಿಸಿಯೂ ಬಿಟ್ಟಳು, ಆದರೆ ಮಾರನೆಯ ದಿನದಿಂದ ಎಣ್ಣೆ ಅಳೆಯಲು ಕೂರುವಾಗಲೆಲ್ಲ ಪಕ್ಕದ ಮನೆಯವಳನ್ನು ಸಾಕ್ಷಿಗೆ ಕರೆದು ಕೂರಿಸಿಕೊಳ್ಳುತ್ತಿದ್ದಳು.”