ಭಟ್ಟಿ ಮುಂದೆ ನಿಂತ ಪಲ್ಲಕ್ಕಿ

ಬನ್ರಪ್ಪಾ, ಕೂತ್ಕಳಿ. ಈ ಕತೇನ ಸುತ್ತ ಹತ್ತೂರಲ್ಲಿ ನನ್ನಂಗೆ ಹೇಳೋ ಗಂಡಸು ಹುಟ್ಟಿಲ್ಲ. ಹುಟ್ಟಿದ್ರೆ ಕರ್ಕಂಡು ಬನ್ನಿ, ನೋಡೇಬಿಡೋಣ. ಮಧ್ಯ ಬಾಯಿ ಹಾಕಬೇಡಿ, ಅಷ್ಟೆ.

ಕಂಬದುರ್ಗ ಅಂತ ಊರು. ಅಲ್ಲಿ ಹಂಪಶೆಟ್ಟಿ ಅಂತ ಒಬ್ಬ, ದೊರೆಗೆ ಫಿರಂಗಿ ಎರಕ ಹೊಯ್ದು ಕೊಡೋ ದೊಡ್ಡ ಭಟ್ಟಿ ಇಟ್ಟಿದ್ದ. ಮೊದಲು ಸೌದೆ ಇದ್ದಿಲು ಸುಡ್ತಿದ್ದ. ಆಮೇಲೆ ಗುಡ್ಡದಾಚೆ ಗಂಧಕ ತುಂಬಿದ ಕಲ್ಲಿದ್ದಲು ಸಿಕ್ತು, ಪುಕ್ಕಟೆ. ಬಿಡ್ತಾನಾ? ಅದನ್ನೇ ಸುಡೋಕೆ ನಿಂತ. ಆ ಹೊಗೆ ಎಂಥದ್ದು ಅಂತೀರಿ! ಗಂಟಲು ಕೆರೀತದೆ, ಕಣ್ಣು ಉರೀತದೆ, ಹಸಿ ಬಟ್ಟೆಗೆ ತಾಗಿದ್ರೆ ಬಣ್ಣಾನೇ ಕಿತ್ಕಂಡು ಹೋಗ್ತದೆ.

ಭಟ್ಟಿ ಪಕ್ಕದಲ್ಲೇ ಬಣ್ಣಗಾರರ ಕೇರಿ. ನೂಲಿಗೆ, ಸೀರೆಗೆ ಬಣ್ಣ ಹಾಕಿ ಬದುಕೋ ಜನ. ಆ ಕೇರಿ ಸಾಕವ್ವ ಒಂದು ಸೀರೆ ಹಿಡ್ಕಂಡು ಸೀದಾ ದೊರೆ ಮುಂದೆ ನುಗ್ಗಿದ್ಲು.

"ಬುದ್ಧೀ, ದಾಸವಾಳದಂಥ ಕೆಂಪು ಹಾಕಿ ಒಣಗಾಕಿದ್ದೆ. ಈಗ ನೋಡಿ, ಅಕ್ಕಿ ತೊಳೆದ ನೀರಿನಂಗೆ ಆಗದೆ! ಕೇರಿ ತುಂಬ ಕೆಮ್ಮು. ಈ ಶೆಟ್ಟಿ ಹೊಗೆ ನಿಲ್ಲಿಸಿ."

ಹಂಪಶೆಟ್ಟಿ ಎದೆ ಉಬ್ಬಿಸಿದ. "ನನ್ನ ಭಟ್ಟಿ ಹೊಗೆ ದೇವರ ಮುಂದಿನ ಧೂಪ ಇದ್ದಂಗೆ ಬುದ್ಧಿ! ಬಣ್ಣ ಹಾಕೋಕೆ ಇವಳಿಗೆ ಬರಲ್ಲ. ಬೇಕಾದ್ರೆ ನೀವೇ ಬಂದು ಮೂಸಿ ನೋಡಿ."

ದೊರೆ ಮಲ್ಲಪ್ಪನಾಯಕ ಪಲ್ಲಕ್ಕಿ ಹತ್ತಿದ. ಪೋಂ ಅಂತ ಮುಂದೆ ಕಹಳೆ. ಆ ಕಹಳೆ ಕೇಳಿಸಿದ್ದೇ ತಡ, ಶೆಟ್ಟಿ ಆಳುಗಳು ಕಲ್ಲಿದ್ದಲು ಈಚೆಗೆ ಎಳೆದು ಸೌದೆ ಇದ್ದಿಲು ತುಂಬಿದ್ರು. ದೊರೆ ಬಂದು ಮೂಗು ಅರಳಿಸ್ದ. "ಎಲ್ಲಿ ಸಾಕವ್ವಾ ನಾತ?" ಅಂದ. ದೊರೆ ಬೆನ್ನು ತಿರುಗಿಸಿದ್ದೇ ತಡ, ಮತ್ತೆ ಕಲ್ಲಿದ್ದಲು. ಇನ್ನೊಂದು ಸಲ ಬಂದ, ಆಗಲೂ ಅದೇ ಆಟ.

ದೊರೆಗೆ ರೇಗಿಹೋಯ್ತು. ಇಬ್ಬರನ್ನೂ ಆಸ್ಥಾನಕ್ಕೆ ಕರೆಸ್ದ. "ಸಾಕವ್ವಾ, ಹುಣ್ಣಿಮೆ ಒಳಗೆ ನಿನ್ನ ಮಾತು ನಿಜ ಅಂತ ತೋರಿಸು. ಇಲ್ದಿದ್ರೆ ಸುಳ್ಳು ದೂರು ಕೊಟ್ಟಿದ್ದಕ್ಕೆ ನಿಮ್ಮ ಇಡೀ ಕೇರಿ ಗಂಟುಮೂಟೆ ಕಟ್ಟಬೇಕು!"

ಸಾಕವ್ವ ದೊರೆ ಕಾಲು ಹಿಡ್ಕಂಡ್ಲು.

ದೊರೆ ಹತ್ರ ಬೊಮ್ಮರಸ ಅಂತ ಒಬ್ಬ ಇದ್ದ. ನೋಡೋಕೆ ಒಣಗಿದ ಹುರಳಿ ಕಡ್ಡಿ, ತಲೆ ಮಾತ್ರ ನನ್ನಂಗೆ ಚುರುಕು. ಎಲೆಅಡಿಕೆ ಉಗಿದು ಬಂದು ಕೇಳ್ದ:

"ಶೆಟ್ರೇ, ದೊರೆ ಪಲ್ಲಕ್ಕಿ ನಿಮ್ಮ ಭಟ್ಟಿ ಮುಂದೆ ಇರೋವಾಗ ಗಂಧಕದ ನಾತ ಬಂದ್ರೆ?"

"ಭಟ್ಟೀನೇ ಅರಮನೆಗೆ ಬಿಟ್ಟುಕೊಡ್ತೀನಿ ಕಣಯ್ಯಾ!"

"ನಂಗೆ ಕಿವಿ ಸ್ವಲ್ಪ ಮಂದ. ಇನ್ನೊಂದ್ಸಲ ಹೇಳಿ."

ಶೆಟ್ಟಿ ತೊಲೆ ಅದುರೋ ಹಂಗೆ ಕೂಗಿ ಹೇಳ್ದ. ಎಲ್ಲರೂ ಕೇಳಿಸ್ಕಂಡ್ರು.

ಶೆಟ್ಟಿ ಹೋದ ಮೇಲೆ ಬೊಮ್ಮರಸ ದೊರೆಗಂದ: "ಪಲ್ಲಕ್ಕಿ, ಹೊರೋರು, ಕಹಳೆಯವನು, ಇಷ್ಟು ನಂಗೆ ಕೊಡಿ ಬುದ್ಧಿ."

"ನಾನು?"

"ನೀವು ಬೇಡ. ಮನೇಲಿ ಹಾಯಾಗಿ ಮಲಗಿ."

ಮಾರನೆ ಬೆಳಗ್ಗೆ ಪೋಂ ಅಂತು ಕಹಳೆ. ಶೆಟ್ಟಿ ಕಲ್ಲಿದ್ದಲು ತೆಗೆಸಿ ಇದ್ದಿಲು ಹಾಕಿಸ್ದ. ಪಲ್ಲಕ್ಕಿ ಬಂತು, ಭಟ್ಟಿ ಎದುರಿನ ಹುಣಸೆಮರದ ಕೆಳಗೆ ಕೂತ್ಕಂತು. ಪರದೆ ಎಳೆದಿದೆ. ದೊರೆ ಪರದೆ ಎತ್ತಿದವನ ಕೈ ಕತ್ತರಿಸ್ತಾರೆ, ಹಂಗಾಗಿ ಶೆಟ್ಟಿ ಪರದೆಗೇ ಅಡ್ಡಬಿದ್ದ. ಮಾತಿಲ್ಲ. ಸಂಜೆ ಆಯ್ತು, ಪಲ್ಲಕ್ಕಿ ಏಳಲಿಲ್ಲ. ಮಾರನೆ ದಿನಾನೂ ಏಳಲಿಲ್ಲ.

"ದೊರೆಗೆ ಸಿಟ್ಟು ಬಂದದೆ ಕಣ್ರೋ, ಹೋಳಿಗೆ ಮಾಡಿಸಿ!" ಅಂದ ಶೆಟ್ಟಿ. ಒಂದು ಹರಿವಾಣದ ತುಂಬ ಹೋಳಿಗೆ ಪರದೆ ಪಕ್ಕ ಇಟ್ರು. ಶೆಟ್ಟಿ ಆ ಕಡೆ ತಿರುಗಿ ಈ ಕಡೆ ನೋಡೋದ್ರೊಳಗೆ ಹರಿವಾಣ ಖಾಲಿ. ಎರಡು ಹರಿವಾಣ ಇಟ್ರು, ಅದೂ ಖಾಲಿ.

"ಅಯ್ಯೋ, ಏನು ಹಸಿವಪ್ಪಾ ಈ ದೊರೇದು!"

ಹಿಂಗೇ ಹುಣ್ಣಿಮೆ ಬಂತು. ಭಟ್ಟಿ ಉರೀತಾನೇ ಇದೆ, ಎರಕ ಆಗ್ತಾನೇ ಇದೆ, ಗಂಧಕದ ನಾತ ಮಾತ್ರ ಇಲ್ಲ. ಕೇರಿ ಜನ ಎದೆ ತುಂಬ ಉಸಿರಾಡಿದ್ರು. ಶೆಟ್ಟಿಗೆ ಹೊಟ್ಟೆ ಉರಿ. ಪುಕ್ಕಟೆ ಕಲ್ಲಿದ್ದಲು ಹಿತ್ತಲಲ್ಲಿ ಗುಡ್ಡೆ ಬಿದ್ದದೆ, ಇವನು ಕಾಸು ಕೊಟ್ಟು ಇದ್ದಿಲು ತಂದು ಸುಡ್ತಾನೆ. ತಡೀಲಾರದೆ ಅರಮನೆಗೆ ಓಡಿದ, ಪಟ್ಟದರಾಣಿ ಕಾಲಿಗಾದ್ರೂ ಬೀಳೋಣ ಅಂತ. ಬಾಗಿಲಲ್ಲೇ ಬಡ್ಕಂಡ:

"ಅವ್ವಾ, ನಿಮ್ಮ ಯಜಮಾನ್ರನ್ನ ಮನೆಗೆ ಕರೆಸ್ಕಳಿ! ಅವರು ಎದುರಿಗೆ ಕೂತಿರೋವರೆಗೂ ನಾನು ಇದ್ದಿಲೇ ಸುಡಬೇಕು! ನನ್ನ ಕಲ್ಲಿದ್ದಲು ಸುಡೋದು ಯಾವಾಗ?"

"ಏನಂದೆ ಶೆಟ್ಟಿ?" ಅಂತು ಒಂದು ಗಂಡು ದನಿ.

ನೋಡ್ತಾನೆ, ಸಿಂಹಾಸನದ ಮೇಲೆ ದೊರೆ! ಪಕ್ಕದಲ್ಲಿ ಸಾಕವ್ವ, ಸುತ್ತ ಆಸ್ಥಾನದವರೆಲ್ಲ.

"ಬು... ಬುದ್ಧಿ ಇಲ್ಲಿದ್ದೀರಿ! ಹಂಗಾದ್ರೆ ಪಲ್ಲಕ್ಕೀಲಿ ಇರೋರು ಯಾರು?"

ಬೊಮ್ಮರಸ ಪಲ್ಲಕ್ಕಿ ತರಿಸಿ, ದೊರೆ ಅಪ್ಪಣೆ ತಗಂಡು ಪರದೆ ಸರಿಸಿದ. ಒಳಗೆ ಸಾಕವ್ವ ಬಣ್ಣ ಹಾಕಿದ ಹೊಸ ಸೀರೆ ನೇತಾಡ್ತಿದೆ. ಕಡುಕೆಂಪು, ಒಂದು ಚೂರೂ ಮಾಸಿಲ್ಲ.

"ಇಷ್ಟು ದಿನ ಭಟ್ಟಿ ಎದುರಿಗೇ ಇತ್ತು ಬುದ್ಧಿ. ದಿನಾ ನೀರು ಚಿಮುಕಿಸಿ ಹಸಿ ಮಾಡಿದ್ದೂ ಆಯ್ತು. ಸಾಕವ್ವನ ಬಣ್ಣ ಗಟ್ಟಿ. ಇದ್ದಿಲಲ್ಲೂ ಎರಕ ಆಗ್ತದೆ. ಮಿಕ್ಕಿದ್ದನ್ನ ಶೆಟ್ರೇ ಬಾಯಿಬಿಟ್ರಲ್ಲ."

ದೊರೆ ನಕ್ಕೂ ನಕ್ಕೂ ಕೆಮ್ಮಿದ. "ಅದು ಸರಿ, ಆ ಹೋಳಿಗೆ ಯಾರು ತಿಂದಿದ್ದು?" ಪಲ್ಲಕ್ಕಿ ಹೊರೋರು ಮೆಲ್ಲಗೆ ಮೀಸೆ ಒರೆಸ್ಕಂಡ್ರು.

"ಬುದ್ಧೀ, ಒಂದು ಬುಟ್ಟಿನಾದ್ರೂ ಕಲ್ಲಿದ್ದಲು ಸುಡೋಕೆ ಬಿಡಿ," ಅಂತ ಶೆಟ್ಟಿ ಗೋಗರೆದ.

"ಸುಡು," ಅಂದ ದೊರೆ. "ಬೀದಿಗೆ ಅಡ್ಡಲಾಗಿ ಸಾಕವ್ವನ ಹಸಿ ಸೀರೆ ಕಟ್ಟಿಸ್ತೀನಿ. ಅದರ ಬಣ್ಣ ಮಾಸದಷ್ಟು ಸುಡು. ಒಂದು ಎಳೆ ಬಿಳಚಿಕೊಂಡ್ರೂ ಭಟ್ಟಿ ನಂದು."

ಹೆಗಲ ಮೇಲಿನ ಶಾಲು ತೆಗೆದು ಬೊಮ್ಮರಸನಿಗೆ ಹೊದಿಸಿದ. "ಭಲೇ ಬೊಮ್ಮಾ! ಇನ್ನು ನನ್ನ ಪಲ್ಲಕ್ಕಿ ನಂಗೆ ಕೊಡು."

"ಅದು ಅಲ್ಲೇ ಹುಣಸೆಮರದ ಕೆಳಗಿರಲಿ ಬುದ್ಧಿ. ಸೀರೆ ಜೊತೆಗೆ ಒಂದು ಕಾವಲು."

"ಅದು ಖಾಲಿ ಅಂತ ಶೆಟ್ಟಿಗೆ ಗೊತ್ತಾಗೋಯ್ತಲ್ಲೋ!"

"ಇವತ್ತು ಖಾಲಿ ಅಂತ ಗೊತ್ತು. ನಾಳೆ ಒಳಗೆ ಯಾರಿರ್ತಾರೆ ಅಂತ ಗೊತ್ತಾ? ನೀವು ಯಾವಾಗಲಾದ್ರೂ ಸದ್ದಿಲ್ದೆ ಹೋಗಿ ಅದರೊಳಗೆ ಕೂತ್ಕಂಡ್ರೆ?"

"ಪಲ್ಲಕ್ಕಿ ಅಲ್ಲಿದ್ರೆ ನಾನು ಅಲ್ಲಿಗೆ ಹೋಗೋದು ಹೆಂಗೋ?"

"ನಡ್ಕಂಡು ಹೋಗಿ ಬುದ್ಧಿ," ಅಂದ ಬೊಮ್ಮರಸ. "ಆ ಬೀದೀಲಿ ಈಗ ಗಾಳಿ ಬಲು ಚೆನ್ನಾಗದೆ."